ಕ್ಯಾಮ್‌ಕಾರ್ಡರ್ ವೆಬ್‌ಕ್ಯಾಮ್ ಆಗದಿದ್ದರೆ: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಆನ್‌ಲೈನ್ ವೀಣೆ ಪಾಠ ನಡೆಯುತ್ತದೆ. ಹೇಳಿಕೊಡುವುದು ನನ್ನ ಅಕ್ಕ. ಕಲಿಯುವ ಮಕ್ಕಳು ಕೆಲವರು ಶಿವಮೊಗ್ಗದಲ್ಲಿದ್ದಾರೆ, ಕೆಲವರು ಅಮೆರಿಕದಲ್ಲಿ. ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಅಕ್ಕನ ಮುಖ ಕಾಣುತ್ತಿತ್ತು, ಎಡಗೈ ಬೆರಳು ಕಾಣುತ್ತಿರಲಿಲ್ಲ. ಗಮಕಕ್ಕೆ, ಅಂದರೆ ಸ್ವರ ಓಲಾಡಿಸುವುದಕ್ಕೆ, ತಂತಿಯನ್ನು ವೀಣೆಯ ಮೆಟ್ಟಿಲ ಮೇಲೆ ಎಷ್ಟು ಎಳೆಯಬೇಕು ಅನ್ನುವುದು ಮಗುವಿಗೆ ಕಾಣಲೇಬೇಕು. ಬೀರುವಿನಲ್ಲಿ ಹಳೆಯ ಕ್ಯಾಮ್‌ಕಾರ್ಡರ್ ಒಂದಿತ್ತು. ದೂರದಿಂದಲೇ ಬೆರಳನ್ನು ಹತ್ತಿರ ತರುವ ಒಳ್ಳೆಯ ಜೂಮ್ ಅದಕ್ಕಿದೆ. ಅದನ್ನೇ ವೆಬ್‌ಕ್ಯಾಮ್ ಮಾಡೋಣ ಅಂತ ಕೂತೆ. ಎರಡು ವಾರ ಹಿಡಿಯಿತು. ಆಗ ಕಂಡ ತೊಂದರೆಗಳು, ಆಮೇಲೆ ನೆಂಟರು, ಸ್ನೇಹಿತರ ಮನೆಗಳಲ್ಲಿ ಬಿಡಿಸಿದ ತೊಂದರೆಗಳು ಇಲ್ಲಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಬರಲಿಲ್ಲ ಅಂದ ಕೂಡಲೇ ಎಲ್ಲರೂ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಕ್ಯಾಮೆರಾ ಕೆಟ್ಟಿದ್ದು ತುಂಬ ಕಡಿಮೆ. ಚಿತ್ರ ಲೆನ್ಸಿನಿಂದ ಹೊರಟು ಪೋರ್ಟ್, ಕೇಬಲ್, ಕ್ಯಾಪ್ಚರ್ ಸ್ಟಿಕ್ (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಒಪ್ಪಿಸುವ ಪುಟ್ಟ ಸಾಧನ), ಕಂಪ್ಯೂಟರ್ ದಾಟಿ ಆ್ಯಪ್‌ಗೆ ಬರಬೇಕು. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ನೋಡಬೇಕು. ಒಟ್ಟಿಗೆ ಎರಡು ವಸ್ತು ಬದಲಿಸಬೇಡಿ. ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಮೊದಲು ಟಿವಿಗೆ ಹಾಕಿ

ಕ್ಯಾಮ್‌ಕಾರ್ಡರ್ ಅನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಮನೆಯ ಟಿವಿಗೆ ಸೇರಿಸಿ. ಕ್ಯಾಮೆರಾ ಶೂಟಿಂಗ್ ಮೋಡ್‌ನಲ್ಲಿರಲಿ, ಹಳೆಯ ವೀಡಿಯೊ ನೋಡುವ ಮೋಡ್‌ನಲ್ಲಲ್ಲ. ಟಿವಿಯಲ್ಲಿ ಎದುರಿಗಿರುವುದು ಕಂಡರೆ ಲೆನ್ಸು, ಪೋರ್ಟು, ಕೇಬಲ್ಲು ಮೂರೂ ಸರಿಯಾಗಿವೆ ಅಂತ ಅರ್ಥ. ಇನ್ನು ಅವುಗಳನ್ನು ಮುಟ್ಟಬೇಡಿ, ತಪ್ಪು ಕಂಪ್ಯೂಟರ್ ಕಡೆ ಇದೆ.

ಟಿವಿಯಲ್ಲೂ ಬರದಿದ್ದರೆ ಕೇಬಲ್ಲಿನ ತುದಿ ನೋಡಿ. ಕ್ಯಾಮ್‌ಕಾರ್ಡರ್‌ಗಳಲ್ಲಿ ಸಾಮಾನ್ಯವಾಗಿ ಮಿನಿ ಅಥವಾ ಮೈಕ್ರೊ ಎಚ್‌ಡಿಎಂಐ ಇರುತ್ತದೆ. ಮಿನಿ ತುದಿ ಸುಮಾರು 10 ಮಿಲಿಮೀಟರ್ ಅಗಲ, ಮೈಕ್ರೊ ಸುಮಾರು 6. ಒಂದರ ಬದಲು ಇನ್ನೊಂದು ತಂದವರು ಜಾಸ್ತಿ. ಮೈಕ್ರೊ ಎಚ್‌ಡಿಎಂಐ ನೋಡಲು ಫೋನಿನ ಹಳೆಯ ಚಾರ್ಜರ್ ಪಿನ್ ಥರಾನೇ ಇರುತ್ತದೆ, ಅದನ್ನೇ ತುರುಕಬೇಡಿ. ಕೇಬಲ್ ಸರಿಯಿದ್ದೂ ಚಿತ್ರ ಬರದಿದ್ದರೆ ಕ್ಯಾಮೆರಾದ ಮೆನುವಿನಲ್ಲಿ ಎಚ್‌ಡಿಎಂಐ ರೆಸಲ್ಯೂಷನ್ ಹುಡುಕಿ. ಆಟೋ ಇದ್ದರೆ 1080ಐ ಅಥವಾ 720ಪಿ ಮಾಡಿ ನೋಡಿ.

ಎಚ್‌ಡಿಎಂಐ ಹಾಕಿದ ಕೂಡಲೇ ಕ್ಯಾಮೆರಾದ ಪುಟ್ಟ ಪರದೆ ಆರಿಹೋದರೆ ಗಾಬರಿಯಾಗಬೇಡಿ. ಕೆಲವು ಮಾಡೆಲ್‌ಗಳು ಇರುವುದೇ ಹಾಗೆ.

ಯುಎಸ್‌ಬಿ ಹಾಕಿದರೆ ಡ್ರೈವ್ ಕಾಣುತ್ತದೆ, ಕ್ಯಾಮೆರಾ ಕಾಣುವುದಿಲ್ಲ

ಎಲ್ಲರೂ ಮೊದಲು ಮಾಡುವುದು ಇದನ್ನೇ, ನಾನೂ ಮಾಡಿದೆ. ಯುಎಸ್‌ಬಿ ವೈರ್ ಹಾಕುತ್ತೇವೆ, ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಬರುತ್ತದೆ, ಅದರಲ್ಲಿ ಹಳೆಯ ಮದುವೆ ವೀಡಿಯೊಗಳಿರುತ್ತವೆ. ಜೂಮ್ ಅಥವಾ ಗೂಗಲ್ ಮೀಟ್‌ನಲ್ಲಿ ನೋಡಿದರೆ ಕ್ಯಾಮೆರಾ ಹೆಸರೇ ಇರುವುದಿಲ್ಲ.

ಇದು ದೋಷ ಅಲ್ಲ. ಹೆಚ್ಚಿನ ಕ್ಯಾಮ್‌ಕಾರ್ಡರ್‌ಗಳ ಯುಎಸ್‌ಬಿ ಪೋರ್ಟ್ ಇರುವುದು ಫೈಲ್ ಕಾಪಿ ಮಾಡಲು. ಕಂಪ್ಯೂಟರಿಗೆ ಅದು ಪೆನ್‌ಡ್ರೈವ್ ಇದ್ದ ಹಾಗೆ. ವೆಬ್‌ಕ್ಯಾಮ್ ಅನ್ನಿಸಿಕೊಳ್ಳಬೇಕಾದರೆ ಅದು ಯುವಿಸಿ ಅನ್ನುವ ರೀತಿಯಲ್ಲಿ ಮಾತಾಡಬೇಕು. ಅಂದರೆ ಯುಎಸ್‌ಬಿ ವೀಡಿಯೊ ಕ್ಲಾಸ್. ಇದು ಬಂದಿದ್ದು 2003ರಲ್ಲಿ. ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್) ಇಲ್ಲದೆ ಹಾಕಿದ ತಕ್ಷಣ ಕೆಲಸ ಮಾಡುವ ವೆಬ್‌ಕ್ಯಾಮ್‌ಗಳೆಲ್ಲ ಇದನ್ನೇ ಬಳಸುತ್ತವೆ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಸ್ಟ್ರೀಮಿಂಗ್, ಪಿಸಿ ಕ್ಯಾಮೆರಾ, ವೆಬ್‌ಕ್ಯಾಮ್ ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ಅದನ್ನು ಆನ್ ಮಾಡಿ ಆಮೇಲೆ ವೈರ್ ಹಾಕಿ.

ಕ್ಯಾಸೆಟ್ ಹಾಕುವ ಹಳೆಯ ಮಿನಿ ಡಿವಿ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಯುಎಸ್‌ಬಿ ಸ್ಟ್ರೀಮಿಂಗ್ ಇತ್ತು. ಆದರೆ ಅವುಗಳ ಜೊತೆ ಬಂದ ಸಿ.ಡಿ.ಯ ಡ್ರೈವರ್‌ಗಳು ವಿಂಡೋಸ್ ಎಕ್ಸ್‌ಪಿ ಕಾಲದವು. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ. ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅಷ್ಟೇ. 2020ರ ಲಾಕ್‌ಡೌನ್ ಹೊತ್ತಿಗೆ ಕ್ಯಾನನ್, ಸೋನಿ, ನಿಕಾನ್, ಫ್ಯೂಜಿಫಿಲ್ಮ್ ಎಲ್ಲ ವೆಬ್‌ಕ್ಯಾಮ್ ಸಾಫ್ಟ್‌ವೇರ್ ಬಿಟ್ಟವು. ಅವು ಹೆಚ್ಚಾಗಿ ಫೋಟೊ ಕ್ಯಾಮೆರಾಗಳಿಗೆ. ನಿಮ್ಮ ಮಾಡೆಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಹಿಂದೆ ಬೀಳಬೇಡಿ, ಎಚ್‌ಡಿಎಂಐ ದಾರಿಗೆ ಬನ್ನಿ.

ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ನೇರವಾಗಿ ಹಾಕಿದೆ, ಏನೂ ಆಗಲಿಲ್ಲ

ಆಗುವುದೂ ಇಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಚಿತ್ರವನ್ನು ಹೊರಗೆ ಕಳಿಸುವ ಬಾಗಿಲು. ಕ್ಯಾಮೆರಾದ್ದೂ ಹೊರಗೆ ಕಳಿಸುವ ಬಾಗಿಲೇ. ಎರಡು ನಲ್ಲಿಗಳ ಬಾಯಿಯನ್ನು ಒಂದೇ ಪೈಪಿಗೆ ಕೂಡಿಸಿದ ಹಾಗೆ, ನೀರು ಹಿಡಿಯುವವರು ಯಾರೂ ಇಲ್ಲ. ನಡುವೆ ಒಂದು ಕ್ಯಾಪ್ಚರ್ ಸ್ಟಿಕ್ ಬೇಕು. ಅದು ಎಚ್‌ಡಿಎಂಐ ತೆಗೆದುಕೊಂಡು ಯುಎಸ್‌ಬಿಗೆ ವೆಬ್‌ಕ್ಯಾಮ್ ರೂಪದಲ್ಲಿ ಕೊಡುತ್ತದೆ. ಎಲ್‌ಗ್ಯಾಟೊ ಕ್ಯಾಮ್ ಲಿಂಕ್‌ನಂಥ ದುಬಾರಿಯವೂ ಇವೆ, ಹೆಸರಿಲ್ಲದ ಅಗ್ಗದವೂ ಇವೆ. ಪಾಠ, ಮೀಟಿಂಗ್‌ಗೆ ಅಗ್ಗದ್ದು ಸಾಕು. ಅದರ ಮಿತಿ ಮುಂದೆ ಹೇಳುತ್ತೇನೆ.

ಸ್ಟಿಕ್ ಹಾಕಿದ ಮೇಲೂ ಚಿತ್ರ ಇಲ್ಲ

ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆಗೆಯಿರಿ. ಕ್ಯಾಮೆರಾಸ್ ಅನ್ನುವ ಸಾಲಿನಲ್ಲಿ ಸ್ಟಿಕ್ ಇರಬೇಕು. ಅಗ್ಗದವು ಸಾಮಾನ್ಯವಾಗಿ ಸುಮ್ನೆ ಯುಎಸ್‌ಬಿ ವೀಡಿಯೊ ಅಂತ ಕಾಣುತ್ತವೆ. ಕಾಣದಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ. ನಾನು ನೋಡಿದ ಮೂರು ಮನೆಗಳಲ್ಲಿ ಇಷ್ಟಕ್ಕೇ ಸರಿಹೋಯಿತು.

ಡಿವೈಸ್ ಮ್ಯಾನೇಜರ್‌ನಲ್ಲಿ ಇದೆ, ಆ್ಯಪ್‌ನಲ್ಲಿ ಮಾತ್ರ ಇಲ್ಲವೆಂದರೆ ಪ್ರೈವೆಸಿ ಸೆಟ್ಟಿಂಗ್ ನೋಡಿ. ಅಲ್ಲಿ ಕ್ಯಾಮೆರಾ ಬಳಸಲು ಆ್ಯಪ್‌ಗಳಿಗೆ ಅನುಮತಿ ಕೊಡಬೇಕು. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆ ಗುಂಡಿ ಇದೆ, ಅದನ್ನು ಮರೆಯುತ್ತಾರೆ. ವಿಂಡೋಸಿನ ಕ್ಯಾಮೆರಾ ಆ್ಯಪ್ ತೆರೆದಾಗ ಕೊನೆಗೆ 4244 ಅಂತ ಬರುವ ದೋಷ ಸಂಖ್ಯೆ ಕಂಡರೆ ಯಾವ ಕ್ಯಾಮೆರಾವೂ ಅದರ ಕಣ್ಣಿಗೆ ಬಿದ್ದಿಲ್ಲ ಅಂತ ಅರ್ಥ. ಆಗ ತಿರುಗಿ ವೈರು, ಪೋರ್ಟ್, ಅನುಮತಿಗೆ ಹೋಗಿ.

ಹೆಸರು ಇದೆ, ಚಿತ್ರ ಮಾತ್ರ ಕಪ್ಪು. ಹೀಗಾದರೆ ಇನ್ನೊಂದು ಆ್ಯಪ್ ಕ್ಯಾಮೆರಾವನ್ನು ಹಿಡಿದುಕೊಂಡಿರಬಹುದು. ಪರೀಕ್ಷೆಗೆ ಅಂತ ತೆರೆದ ಕ್ಯಾಮೆರಾ ಆ್ಯಪ್ ಮುಚ್ಚದೆ ಜೂಮ್ ತೆರೆದರೆ ಹೀಗೆ ಆಗುತ್ತದೆ. ಎಲ್ಲ ಮುಚ್ಚಿ ಒಂದೇ ತೆರೆಯಿರಿ.

ಸರಿಯಾಗಿ 5ನೇ ನಿಮಿಷಕ್ಕೆ ಚಿತ್ರ ಹೋಗುತ್ತದೆ

ನನ್ನನ್ನು ಜಾಸ್ತಿ ಕಾಡಿದ್ದು ಇದು. ಪಾಠ ಶುರುವಾಗುತ್ತದೆ, ಶ್ರುತಿ ಕೂಡಿಸುತ್ತಾರೆ, ಮಾಯಾಮಾಳವಗೌಳದ ಸರಳೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಪರದೆ ಕಪ್ಪು. ಅಕ್ಕ ವೀಣೆ ಪಕ್ಕಕ್ಕಿಟ್ಟು ಎದ್ದು ಕ್ಯಾಮೆರಾ ಆನ್ ಮಾಡಬೇಕು. ಮತ್ತೆ ಅದೇ. ಅಡಾಪ್ಟರ್ ಸಡಿಲ ಅಂದುಕೊಂಡೆ. ಬೇರೆ ಅಡಾಪ್ಟರ್ ತಂದೆ. ಕೇಬಲ್ ಬದಲಿಸಿದೆ. ಕೊನೆಗೆ ಗಡಿಯಾರ ಮುಂದಿಟ್ಟುಕೊಂಡು ಕೂತೆ. 5 ನಿಮಿಷ. ಇನ್ನೊಮ್ಮೆ ನೋಡಿದೆ. 5 ನಿಮಿಷ.

ಅಲ್ಲಿಗೆ ಗೊತ್ತಾಯಿತು. ಸಡಿಲ ವೈರ್ ಹೊತ್ತು ನೋಡಿ ಕೆಡುವುದಿಲ್ಲ. ಒಮ್ಮೆ 2 ನಿಮಿಷಕ್ಕೆ, ಒಮ್ಮೆ 20 ನಿಮಿಷಕ್ಕೆ ಕೈ ಕೊಡುತ್ತದೆ. ಪ್ರತಿ ಸಲ ಅದೇ ನಿಮಿಷಕ್ಕೆ ಆಗುವ ತೊಂದರೆಗೆ ಕಾರಣ ಯಾವುದೋ ಸೆಟ್ಟಿಂಗ್. ಇಂಥ ತೊಂದರೆ ಬಂದರೆ ಮೊದಲು ಸಮಯ ಬರೆದಿಡಿ.

ನನ್ನದು ಕ್ಯಾಸೆಟ್ ಕ್ಯಾಮೆರಾ, ಒಳಗೆ ಹಳೆಯ ಕ್ಯಾಸೆಟ್ ಹಾಗೇ ಇತ್ತು. ಮಿನಿ ಡಿವಿ ಕ್ಯಾಮೆರಾದಲ್ಲಿ ಟೇಪ್ ಓದುವ, ಬರೆಯುವ ಹೆಡ್ ಒಂದು ಪುಟ್ಟ ಡ್ರಮ್ ಮೇಲೆ ಕೂತಿರುತ್ತದೆ. ಆ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ರೆಕಾರ್ಡ್ ಒತ್ತದೆ ಸುಮ್ನೆ ಆನ್ ಇಟ್ಟಾಗಲೂ ಕ್ಯಾಸೆಟ್ ಒಳಗಿದ್ದರೆ ಅದು ತಿರುಗುತ್ತಲೇ ಇರುತ್ತದೆ, ಟೇಪ್ ನಿಂತಲ್ಲೇ ಉಜ್ಜುತ್ತದೆ. ಕಿವಿ ಹತ್ತಿರ ಇಟ್ಟರೆ ಸಣ್ಣ ಗುಂಯ್ ಸದ್ದು ಕೇಳುತ್ತದೆ. ಹೀಗೆ ಉಜ್ಜಿ ಟೇಪೂ ಹೆಡ್ಡೂ ಸವೆಯಬಾರದು ಅಂತಲೇ ಕ್ಯಾಮೆರಾ ಸುಮಾರು 5 ನಿಮಿಷಕ್ಕೆ ತಾನೇ ಆರುತ್ತದೆ. ಮದುವೆ ಮನೆಯಲ್ಲಿ ಅದು ಒಳ್ಳೆಯ ಗುಣ. ಪಾಠಕ್ಕೆ ಕೂತಾಗ ಅದೇ ಅಡ್ಡಿ.

ಕ್ಯಾಸೆಟ್ ತೆಗೆದೆ. 5 ನಿಮಿಷ ದಾಟಿತು. ಅಕ್ಕನಿಗೂ ನನಗೂ ಖುಷಿಯೋ ಖುಷಿ. ಆಮೇಲೆ 10ನೇ ನಿಮಿಷಕ್ಕೆ ಬೆರಳುಗಳ ಮೇಲೆ ದೊಡ್ಡ ಅಕ್ಷರಗಳು ಓಡಲು ಶುರುವಾದವು. ಈ ಕ್ಯಾಮೆರಾ ಏನೇನು ಮಾಡುತ್ತದೆ ಅಂತ ಹೇಳುವ ಜಾಹೀರಾತು. ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟಾಗ ಗಿರಾಕಿಗೆ ಕಾಣಲಿ ಅಂತ ಇರುವ ಡೆಮೊ ಮೋಡ್ ಅದು. ಕ್ಯಾಸೆಟ್ ಇಲ್ಲದೆ 10 ನಿಮಿಷ ಆನ್ ಇದ್ದರೆ ಅಂಗಡಿಯಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ಮೆನುವಿನಲ್ಲಿ ಡೆಮೊ ಮೋಡ್ ಆಫ್ ಮಾಡಿದ ಮೇಲೆ ಅಂದಿನ ಪಾಠ ಒಂದು ಗಂಟೆ ತಡೆಯಿಲ್ಲದೆ ನಡೆಯಿತು.

ಮೂರು ತಿಂಗಳ ನಂತರ ಮತ್ತೆ ಅದೇ ಅಕ್ಷರಗಳು. ಬೇಸಿಗೆ ರಜೆಗೆ ಪಾಠ ನಿಂತಿತ್ತು, ಕ್ಯಾಮೆರಾ ಬೀರುವಿನಲ್ಲಿತ್ತು. ದಿನಾಂಕ ನೋಡಿದರೆ ಅದೂ ಅಳಿಸಿಹೋಗಿತ್ತು. ಹಲವು ಕ್ಯಾಮ್‌ಕಾರ್ಡರ್‌ಗಳ ಒಳಗೆ ದಿನಾಂಕ, ಸೆಟ್ಟಿಂಗ್ ನೆನಪಿಡಲು ಪುಟ್ಟ ಬ್ಯಾಟರಿ ಇರುತ್ತದೆ. ಬಳಸದೆ ತಿಂಗಳುಗಟ್ಟಲೆ ಇಟ್ಟರೆ ಅದು ಬರಿದಾಗುತ್ತದೆ, ಸೆಟ್ಟಿಂಗ್‌ಗಳು ಹೊಸದರಂತೆ ಆಗುತ್ತವೆ. ಕ್ಯಾಮೆರಾ ಆಫ್ ಮಾಡಿ ಅಡಾಪ್ಟರ್ ಹಾಕಿ 24 ಗಂಟೆ ಬಿಟ್ಟರೆ ಅದು ಮತ್ತೆ ತುಂಬುತ್ತದೆ. ದಿನಾಂಕ ಕೇಳುವ ಪರದೆ ಬಂತು ಅಂದರೆ ಡೆಮೊ, ಆಟೋ ಆಫ್ ಎರಡನ್ನೂ ಮತ್ತೆ ನೋಡಿಕೊಳ್ಳಿ.

ಮೆಮೊರಿ ಕಾರ್ಡಿನ ಕ್ಯಾಮೆರಾಗಳಲ್ಲಿ ಡ್ರಮ್ ಇಲ್ಲ, ಆದರೂ ಆರುತ್ತವೆ. ಬ್ಯಾಟರಿ ಉಳಿಸಲು. ಆಟೋ ಪವರ್ ಆಫ್, ಪವರ್ ಸೇವ್, ಎಕಾನಮಿ ಅಂತ ಬೇರೆ ಬೇರೆ ಹೆಸರು, ಎಲ್ಲ ಆಫ್ ಮಾಡಿ. ಯಾವುದೂ ಆಫ್ ಆಗುವುದಿಲ್ಲ ಅಂದರೆ ರೆಕಾರ್ಡ್ ಒತ್ತಿಬಿಡಿ. ರೆಕಾರ್ಡ್ ಆಗುವಾಗ ಅದು ಆರುವುದಿಲ್ಲ. ಕಾರ್ಡ್ ತುಂಬುವವರೆಗೆ ನಡೆಯುತ್ತದೆ. ಇನ್ನು ವಿದ್ಯುತ್ತನ್ನು ಕ್ಯಾಮೆರಾದ ಅಡಾಪ್ಟರ್‌ನಿಂದಲೇ ಕೊಡಿ. ಚಾರ್ಜ್ ಆಗಲಿ ಅಂತ ಯುಎಸ್‌ಬಿ ವೈರನ್ನೂ ಲ್ಯಾಪ್‌ಟಾಪಿಗೆ ಸೇರಿಸಿದರೆ ಹೆಚ್ಚಿನ ಕ್ಯಾಮೆರಾಗಳು ಫೈಲ್ ಕಾಪಿ ಮೋಡ್‌ಗೆ ಹೋಗುತ್ತವೆ, ಎಚ್‌ಡಿಎಂಐ ಚಿತ್ರ ಹೋಗುತ್ತದೆ.

ಬ್ಯಾಟರಿ ಗುರುತು, ಸಮಯ, ಚೌಕಗಳು ಚಿತ್ರದ ಮೇಲೇ ಕಾಣುತ್ತವೆ

ಕ್ಯಾಮೆರಾ ತನ್ನ ಪರದೆಯ ಅಕ್ಷರಗಳನ್ನೂ ಎಚ್‌ಡಿಎಂಐಗೆ ಕಳಿಸುತ್ತಿದೆ. ಮೆನುವಿನಲ್ಲಿ ಡಿಸ್‌ಪ್ಲೇ ಔಟ್‌ಪುಟ್ ಅಥವಾ ಎಕ್ಸ್‌ಟರ್ನಲ್ ಡಿಸ್‌ಪ್ಲೇ ಅಂತ ಇರುತ್ತದೆ. ಎಲ್‌ಸಿಡಿ ಮಾತ್ರ ಅಥವಾ ಆಫ್ ಅಂತ ಮಾಡಿ. ಕೆಲವದರಲ್ಲಿ ಈ ಆಯ್ಕೆಯೇ ಇಲ್ಲ. ಆಗ ಒಬಿಎಸ್ ಅನ್ನುವ ವೀಡಿಯೊ ಸಾಫ್ಟ್‌ವೇರ್‌ನಲ್ಲಿ ಅಂಚು ಕತ್ತರಿಸಿ, ಅದರ ವರ್ಚುವಲ್ ಕ್ಯಾಮೆರಾವನ್ನು, ಅಂದರೆ ಕತ್ತರಿಸಿದ ಚಿತ್ರವನ್ನು ವೆಬ್‌ಕ್ಯಾಮ್ ಥರ ಕೊಡುವ ಸೌಲಭ್ಯವನ್ನು, ಜೂಮ್ ಆ್ಯಪ್‌ನಲ್ಲಿ ಆರಿಸಿ. ಒಬಿಎಸ್ ಉಚಿತ. ವರ್ಚುವಲ್ ಕ್ಯಾಮೆರಾ 2020ರಿಂದ ಅದರೊಳಗೇ ಬರುತ್ತದೆ.

ಚಿತ್ರ ಬಿಟ್ಟು ಬಿಟ್ಟು ಬರುತ್ತದೆ

ಬೆರಳು ತಂತಿಯ ಮೇಲೆ ಜಾರುವುದು ಕಾಣುವುದಿಲ್ಲ, ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹಾರಿದ ಹಾಗೆ ಕಾಣುತ್ತದೆ. ಇಂಟರ್ನೆಟ್ ನಿಧಾನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕರೆ ಮಾಡದೆ ಒಬಿಎಸ್‌ನಲ್ಲಿ ಸುಮ್ನೆ ನೋಡಿ. ಅಲ್ಲೂ ಹಾಗೇ ಇದ್ದರೆ ಇಂಟರ್ನೆಟ್‌ನ ತಪ್ಪಲ್ಲ.

ಲೆಕ್ಕ ನೋಡಿ. 1920 ಗುಣಿಸು 1080 ಚುಕ್ಕೆಗಳು, ಪ್ರತಿ ಚುಕ್ಕೆಗೆ 2 ಬೈಟ್, ಸೆಕೆಂಡಿಗೆ 30 ಚಿತ್ರ. ಸುಮಾರು 124 ಎಂಬಿ ಆಯಿತು. ಬಿಟ್‌ನಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು 995 ಮೆಗಾಬಿಟ್. ಯುಎಸ್‌ಬಿ 2.0ರ ಗರಿಷ್ಠ ವೇಗವೇ 480. ಹಿಡಿಸುವುದಿಲ್ಲ ಅಲ್ವಾ? ಅದಕ್ಕೇ ಅಗ್ಗದ ಸ್ಟಿಕ್‌ಗಳು ಎಂಜೆಪೆಗ್ ಅನ್ನುವ ರೀತಿಯಲ್ಲಿ ಚಿತ್ರವನ್ನು ಹಿಂಡಿ ಕಳಿಸುತ್ತವೆ. ಆದರೆ ಆ್ಯಪ್ ವೈಯುವೈ2 ಅನ್ನುವ ಹಿಂಡದ ರೂಪ ಕೇಳಿದರೆ ಸ್ಟಿಕ್ ಸೆಕೆಂಡಿಗೆ 5 ಚಿತ್ರಕ್ಕೆ ಇಳಿಯುತ್ತದೆ. ಒಬಿಎಸ್‌ನಲ್ಲಿ ಕ್ಯಾಪ್ಚರ್ ಡಿವೈಸಿನ ಪ್ರಾಪರ್ಟೀಸ್ ತೆಗೆದು, ಕಸ್ಟಮ್ ಆರಿಸಿ, ಫಾರ್ಮ್ಯಾಟ್ ಅನ್ನು ಎಂಜೆಪೆಗ್ ಮಾಡಿ. ತಕ್ಷಣ ಸರಾಗ ಆಗುತ್ತದೆ.

ಪೊಟ್ಟಣದ ಮೇಲೆ 4ಕೆ ಅಂತ ಬರೆದಿದ್ದರೆ ಸ್ಟಿಕ್ 4ಕೆ ಸಿಗ್ನಲ್ ಒಪ್ಪಿಕೊಳ್ಳುತ್ತದೆ ಅಂತ ಅಷ್ಟೇ. ಅಗ್ಗದ್ದರಲ್ಲಿ ಕಂಪ್ಯೂಟರಿಗೆ ಹೋಗುವುದು 1080. ಯುಎಸ್‌ಬಿ ತುದಿಯ ಒಳಗೆ ನೀಲಿ ಬಣ್ಣ ಇದ್ದರೆ 3.0 ಅಂತಲೂ ನಂಬಬೇಡಿ. ಬೆಳಕಿಗೆ ಹಿಡಿದು ಒಳಗಿನ ಲೋಹದ ಪಟ್ಟಿ ಎಣಿಸಿ. 4 ಮಾತ್ರ ಇದ್ದರೆ ಅದು 2.0. 3.0 ಆದರೆ ಹಿಂದೆ ಇನ್ನೂ 5 ಇರುತ್ತವೆ.

ಬೇಗ ಮೀಟುವ ಬೆರಳಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡ ಗೆರೆ ಕಂಡರೆ ಅದು ಬೇರೆ. ಕ್ಯಾಮೆರಾ 1080ಐ ಕಳಿಸುತ್ತಿದೆ, ಅಂದರೆ ಚಿತ್ರದ ಅರ್ಧ ಗೆರೆಗಳು ಒಮ್ಮೆ, ಉಳಿದರ್ಧ ಇನ್ನೊಮ್ಮೆ. ಸಾಧ್ಯವಿದ್ದರೆ 720ಪಿ ಅಥವಾ 1080ಪಿ ಮಾಡಿ. ಇಲ್ಲದಿದ್ದರೆ ಒಬಿಎಸ್‌ನಲ್ಲಿ ಡೀಇಂಟರ್‌ಲೇಸಿಂಗ್ ಹಾಕಿ.

ಅಮೆರಿಕದಿಂದ ತಂದ ಕ್ಯಾಮೆರಾದಲ್ಲಿ ಬೆಳಕು ನಡುಗುತ್ತದೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗನೋ ಅಳಿಯನೋ ಅಮೆರಿಕದಿಂದ ತಂದುಕೊಟ್ಟ ಕ್ಯಾಮ್‌ಕಾರ್ಡರ್ ಇದೆ. ಹಗಲು ಕಿಟಕಿ ಬೆಳಕಿನಲ್ಲಿ ಚಿತ್ರ ಚೆನ್ನಾಗಿರುತ್ತದೆ. ಸಂಜೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಇಡೀ ಚಿತ್ರ ಪಟಪಟ ಮಿಡಿಯುತ್ತದೆ. ಹಗಲು ಇಲ್ಲದ ತೊಂದರೆ ದೀಪ ಹಾಕಿದಾಗ ಬಂದರೆ ಕೇಬಲ್ ಹುಡುಕಬೇಡಿ.

ನಮ್ಮ ಕರೆಂಟ್ 50 ಹರ್ಟ್ಜ್. ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅಮೆರಿಕದ ಕ್ಯಾಮೆರಾ ಸೆಕೆಂಡಿಗೆ 60ರ ಲೆಕ್ಕದಲ್ಲಿ ಚಿತ್ರ ಹಿಡಿಯುತ್ತದೆ. ಒಂದು ಚಿತ್ರಕ್ಕೆ ಹೆಚ್ಚು ಬೆಳಕು, ಮುಂದಿನದಕ್ಕೆ ಕಡಿಮೆ. ಶಟರ್ ಸ್ಪೀಡನ್ನು 100ನೇ ಒಂದು ಸೆಕೆಂಡಿಗೆ ಇಟ್ಟರೆ ಪ್ರತಿ ಚಿತ್ರಕ್ಕೂ ದೀಪದ ಒಂದು ಪೂರ್ತಿ ಏರಿಳಿತ ಸಿಗುತ್ತದೆ, ನಡುಕ ನಿಲ್ಲುತ್ತದೆ. ಇಲ್ಲಿ ಮಾರುವ ಕ್ಯಾಮೆರಾ ಆದರೆ 50ನೇ ಒಂದು ಸೆಕೆಂಡೂ ಆಗುತ್ತದೆ. ಶಟರ್ ಆಯ್ಕೆ ಇಲ್ಲದ ಕ್ಯಾಮೆರಾ ಆದರೆ ದೀಪ ಬದಲಿಸಿ. ಒಳ್ಳೆಯ ಡ್ರೈವರ್ (ಇಲ್ಲಿ ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ನಡುಗುವುದಿಲ್ಲ.

ಎಚ್‌ಡಿಎಂಐ ಇಲ್ಲದ ಹಳೆಯ ಕ್ಯಾಮೆರಾ

ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ಕೇಬಲ್ ಮತ್ತು ಅದಕ್ಕೆ ತಕ್ಕ ಯುಎಸ್‌ಬಿ ಕ್ಯಾಪ್ಚರ್ ಬಳಸಿ. ಚಿತ್ರ ಕಪ್ಪು ಬಿಳುಪು ಬಂದರೆ ಅಥವಾ ಮೇಲಕ್ಕೆ ಉರುಳಿದರೆ ಸಾಫ್ಟ್‌ವೇರ್‌ನಲ್ಲಿ ಪಾಲ್, ಎನ್‌ಟಿಎಸ್‌ಸಿ ಅದಲುಬದಲಾಗಿದೆ. ಇವು ಟಿವಿ ಚಿತ್ರದ ಎರಡು ಪದ್ಧತಿಗಳು, ಇಲ್ಲಿಯದು ಪಾಲ್, ಅಮೆರಿಕದ್ದು ಎನ್‌ಟಿಎಸ್‌ಸಿ. ಹಳದಿ ಪಿನ್ನಿನಲ್ಲಿ ಚಿತ್ರ ಬರದೆ ಸ್ಪೀಕರಿನಲ್ಲಿ ಬರ್ ಅಂತ ಸದ್ದು ಬಂದರೆ ಕೇಬಲ್ ಬೇರೆ ಕಂಪನಿಯದು. ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಇರುತ್ತದೆ. ಕೆಂಪು ಪಿನ್ನನ್ನು ಹಳದಿ ತೂತಿಗೆ ಹಾಕಿ ನೋಡಿ, ಎಷ್ಟೋ ಸಲ ಚಿತ್ರ ಅದರಲ್ಲಿರುತ್ತದೆ.

ಫೈರ್‌ವೈರ್ ಪೋರ್ಟ್ (ಕ್ಯಾಸೆಟ್ ಕ್ಯಾಮೆರಾದಿಂದ ಕಂಪ್ಯೂಟರಿಗೆ ವೀಡಿಯೊ ಕಳಿಸಲು ಇದ್ದ ಹಳೆಯ ಪೋರ್ಟ್) ಇದ್ದರೆ ಚಿತ್ರ ಎವಿಗಿಂತ ಚೆನ್ನಾಗಿರುತ್ತದೆ. ಆದರೆ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಇಲ್ಲ. ಫೈರ್‌ವೈರ್‌ನಿಂದ ಯುಎಸ್‌ಬಿಗೆ ಅಂತ ಬರುವ ನೂರು ರೂಪಾಯಿಯ ಪಿನ್ ಕೊಳ್ಳಬೇಡಿ. ಅದು ತುದಿಯ ಆಕಾರ ಬದಲಿಸುತ್ತದೆ, ಮಾತು ಬದಲಿಸುವುದಿಲ್ಲ. ಡೆಸ್ಕ್‌ಟಾಪ್ ಇದ್ದು ಕಾರ್ಡ್ ಹಾಕಿಸಿಕೊಳ್ಳುವುದಾದರೆ ಮಾತ್ರ ಈ ದಾರಿ.

ಧ್ವನಿ

ವೀಣೆಯವರಿಗೆ ಚಿತ್ರದಷ್ಟೇ ಇದೂ ಮುಖ್ಯ. ಆ್ಯಪ್‌ನ ಮೈಕ್ ಆಯ್ಕೆಯಲ್ಲಿ ಸ್ಟಿಕ್‌ನ ಹೆಸರು ಆರಿಸದಿದ್ದರೆ ಲ್ಯಾಪ್‌ಟಾಪಿನ ಮೈಕೇ ನಡೆಯುತ್ತಿರುತ್ತದೆ. ಮೀಟಿದ ಮೇಲೆ ಬೆರಳು ಕಾಣಿಸಿದರೆ, ಅಂದರೆ ಚಿತ್ರ ಹಿಂದೆ ಬಿದ್ದರೆ, ಧ್ವನಿಯನ್ನೂ ಕ್ಯಾಮೆರಾದಿಂದ ಎಚ್‌ಡಿಎಂಐ ಮೂಲಕವೇ ತನ್ನಿ. ಎರಡೂ ಒಂದೇ ದಾರಿಯಲ್ಲಿ ಬರುವುದರಿಂದ ಹೊಂದಿಕೊಳ್ಳುತ್ತವೆ. ಎಂಎಸ್2109 ಚಿಪ್ಪಿನ ಅಗ್ಗದ ಸ್ಟಿಕ್‌ಗಳು ತಮ್ಮ ಧ್ವನಿಯನ್ನು 96 ಕಿಲೊಹರ್ಟ್ಜ್ ಮೊನೊ ಅಂತ ತಪ್ಪಾಗಿ ಹೇಳಿಕೊಳ್ಳುತ್ತವೆ, ನಿಜಕ್ಕೂ ಅದು 48 ಕಿಲೊಹರ್ಟ್ಜ್ ಸ್ಟೀರಿಯೊ. ಧ್ವನಿ ಒಡೆದ ಹಾಗೆ ಕೇಳಿದರೆ ಇದು ನೆನಪಿರಲಿ, ಬೇರೆ ಮೈಕ್ ಹಾಕಿಬಿಡಿ.

ತಂತಿ ಮೀಟಿದ ಮೇಲೆ ನಾದ ಸಟ್ಟನೆ ಸತ್ತುಹೋದರೆ ಮೈಕ್ ತಪ್ಪಲ್ಲ. ಉದ್ದಕ್ಕೆ ಉಳಿಯುವ ನಾದವನ್ನು ಆ್ಯಪ್ ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತದೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ. ನಮ್ಮಲ್ಲಿ ಇದನ್ನು ಆನ್ ಮಾಡಿದ ದಿನ ಆ ಕಡೆಯಿಂದ ಒಂದು ಮಗು, ಈಗ ತಂಬೂರಿನೂ ಕೇಳ್ತಿದೆ ಅಂದಿತು.

ಪೋರ್ಟ್ ಕಾಪಾಡಿಕೊಳ್ಳಿ

ಎಲ್ಲ ಸರಿಯಾದ ಮೇಲೆ ಕೇಬಲ್ ಮುಟ್ಟಿದಾಗಲೆಲ್ಲ ಚಿತ್ರ ಮಿನುಗಿದರೆ ಕ್ಯಾಮೆರಾದ ಎಚ್‌ಡಿಎಂಐ ಪೋರ್ಟ್ ಸಡಿಲವಾಗುತ್ತಿದೆ. ಅಷ್ಟು ಪುಟ್ಟ ತೂತಿಗೆ ದಪ್ಪ ಕೇಬಲ್ಲಿನ ಭಾರ ಜಾಸ್ತಿ. ಅದರೊಳಗೆ 19 ಪಿನ್ನುಗಳಿವೆ, ಬೆಸುಗೆ ಬಿಟ್ಟರೆ ಮತ್ತೆ ಕೂರಿಸುವುದು ಕಷ್ಟದ ಕೆಲಸ. ನಾನು ತೆಳುವಾದ ಕೇಬಲ್ ತಂದೆ. ಕ್ಯಾಮೆರಾದಿಂದ ಒಂದು ಗೇಣು ಸಡಿಲ ಬಿಟ್ಟು, ಟ್ರೈಪಾಡಿನ ಕಾಲಿಗೆ ಹತ್ತಿಯ ದಾರದಲ್ಲಿ ಎರಡು ಕಡೆ ಕಟ್ಟಿದ್ದೇನೆ. ಈಗ ಯಾರಾದರೂ ಕೇಬಲ್ ಎಡವಿದರೆ ಎಳೆತ ದಾರಕ್ಕೆ ಬೀಳುತ್ತದೆ. ಪಾಠ ಮುಗಿದ ಮೇಲೆ ಕೇಬಲ್ಲನ್ನು ಸ್ಟಿಕ್ ಕಡೆಯಿಂದ ಬಿಚ್ಚುತ್ತೇವೆ, ಕ್ಯಾಮೆರಾ ಕಡೆಯ ತುದಿ ಮುಟ್ಟುವುದಿಲ್ಲ.